ಬೀಳಗಿಯ ಶಿಕ್ಕಾ

5 ಡಿಸೆಂಬರ್ 2006, ಮಂಗಳವಾರ. ಜಮಖಂಡಿ

ಈ ಮಾತನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ನಾಲ್ಕು ತಿಂಗಳು ಬಿಟ್ಟೇ ಇದ್ದೆ. ರಂಜನಾ ನನ್ನ ಪ್ರವಾಸವನ್ನು ಕದಿಯಲಿಲ್ಲ. ಆಕೆ ಕೇಳಿದಳು. ನಾನೇ ಹೋಗು ಎಂದೆ.

ಆಗಸ್ಟಿನಲ್ಲಿ, ಬನಹಟ್ಟಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ನಾನು ಇಂಗ್ಲಿಷ್ ಕಲಿಸುವವಳು, ಆಕೆ ಆಟದ ಟೀಚರ್, ಇಪ್ಪತ್ತೇಳರ ಹುಡುಗಿ. ಎರಡು ವರ್ಷದಿಂದ ಒಂದು ಹಳೆಯ ನಕಾಶೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಅಳಿಸುತ್ತಿದ್ದೆ. ಜಮಖಂಡಿಯಿಂದ ಹೊರಟು ಆಲಮಟ್ಟಿ, ನಾರಾಯಣಪುರ, ಹೊಸಪೇಟೆ, ನವಿಲುತೀರ್ಥ, ಹಿಡಕಲ್, ಮತ್ತೆ ಜಮಖಂಡಿ. ಐದು ಅಣೆಕಟ್ಟು, ಹನ್ನೊಂದು ದಿನ, ಸೈಕಲ್ ಮೇಲೆ, ಒಬ್ಬಳೇ. ಆಕೆ ಬೆನ್ನ ಹಿಂದಿನಿಂದ ಬಗ್ಗಿ ನೋಡಿದಳು.

"ಅಕ್ಕಾರ, ಇದು ನೀವು ಹೋಗಾಕ ಬರದೀರೇನ್ರಿ, ಇಲ್ಲಾ ಹುಡುಗೂರಿಗೆ ಭೂಗೋಳ ಹೇಳಾಕರಿ?"

"ಸುಮ್ಮನ ಬರದೇನಿ."

"ನೀವು ಹೋಗೂದಿದ್ರ ನಾ ಬಿಡ್ತೇನ್ರಿ. ಇಲ್ಲಂದ್ರ ನನಗ ಹೋಗಬೇಕನಸ್ತೈತಿ."

"ಈ ವಯಸ್ಸಿನ್ಯಾಗ ನಂದೇನ. ನೀ ಹೋಗು."

ಇಷ್ಟೇ ನಡೆದದ್ದು. ಒಂದು ನಿಮಿಷವೂ ಆಗಿರಲಿಲ್ಲ. ಮನೆಗೆ ಬಂದು ಗೌರೀಶನಿಗೆ, "ನನ್ನ ನಕಾಶೆ ನೋಡಿ ಆ ಹುಡುಗಿ ತಾನ ಹೊಂಟಾಳ" ಎಂದೆ. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಗಂಡ ನನಗಿಂತ ಹೆಚ್ಚು ಸಿಟ್ಟಾದ. ಅದು ನನಗೆ ಹಿತವೆನಿಸಿತು.

ಇವತ್ತು ಬೆಳಿಗ್ಗೆ ಆಕೆ ಹೊರಟಳು. ಸೈಕಲ್ ಸಂಘದ ಅಂಗಳದಲ್ಲಿ ಮೂವತ್ತು ಜನ. ಸಂಘದ ಅಧ್ಯಕ್ಷ ಬಸಗೊಂಡಪ್ಪನವರು ಹಾರ ಹಾಕಿದರು. ಅವರ ಹಿಂದೆ ಗೋಡೆಯ ಮೇಲೆ ಹಲಗೆ: ಒಂಟಿಯಾಗಿ ಐದು ಅಣೆಕಟ್ಟು ಸುತ್ತಿದ ಹದಿಮೂರು ಗಂಡಸರ ಹೆಸರು. ಮೊದಲ ಹೆಣ್ಣುಮಗಳ ಹೆಸರನ್ನು ಎಲ್ಲರಿಗಿಂತ ಮೇಲೆ, ಹಳದಿ ಬಣ್ಣದಲ್ಲಿ ಬರೆಸುತ್ತೇನೆ ಎಂದು ಅವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಆ ಜಾಗ ಖಾಲಿ ಇದೆ. ನಾನು ಎರಡು ವರ್ಷ ಆ ಖಾಲಿ ಜಾಗವನ್ನೇ ನೋಡಿದ್ದೇನೆ.

ರಂಜನಾಳ ಅಪ್ಪ ಮಾಳಿಂಗರಾಯ ಕುರಿ ಬಿಟ್ಟು ಬಂದಿದ್ದರು. ಮಗಳ ಹಣೆಗೆ ಬೀರೇಶ್ವರನ ಭಂಡಾರ ಹಚ್ಚಿದರು. ಆಕೆ ನಕ್ಕಳು. ಎಲ್ಲರಿಗಿಂತ ಜೋರಾಗಿ ನಾನೇ ಚಪ್ಪಾಳೆ ತಟ್ಟಿದೆ.

7 ಡಿಸೆಂಬರ್, ಗುರುವಾರ

ಮುಖ್ಯೋಪಾಧ್ಯಾಯಿನಿಯವರಿಗೆ ಹನ್ನೆರಡು ದಿನದ ರಜೆ ಬರೆದುಕೊಟ್ಟೆ. ಕಾರಣದ ಜಾಗದಲ್ಲಿ "ವೈಯಕ್ತಿಕ" ಎಂದಿದೆ.

ಗೌರೀಶ, "ಆಕಿ ಮುಂದ ಹೋಗ್ಯಾಳ. ನೀ ಹಿಂದ ಹೋಗಿ ಏನ ಮಾಡಾಕಿ?" ಎಂದ. ಹೋಗುವ ಆಸೆ ಮೊದಲಿಂದಲೂ ಇತ್ತಲ್ಲ ಎಂದೆ. ಅದು ನಿಜ. ಆಕೆ ನಡುವೆ ಎಲ್ಲಾದರೂ ಬಿಟ್ಟು ಬಸ್ಸು ಹತ್ತಬಹುದು ಎಂಬ ಲೆಕ್ಕವೂ ನಿಜ.

ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ದಿನಚರಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಅಲ್ಲಿ ಜೆಲಸಿ ಎಂದು ಬರೆದರೆ ಯಾವುದೋ ಪಾತ್ರದ ಗುಣದಂತೆ ಕಾಣುತ್ತದೆ. ಹೊಟ್ಟೆಕಿಚ್ಚು ಎಂದು ಬರೆದು ನೋಡಿದೆ. ಕಾಗದ ಮುಚ್ಚಿಡಬೇಕೆನಿಸಿತು.

8 ಡಿಸೆಂಬರ್, ಶುಕ್ರವಾರ

ಬಸಗೊಂಡಪ್ಪನವರು ಹತ್ತು ಪೋಸ್ಟ್‌ಕಾರ್ಡು ಕೊಟ್ಟರು. ಹತ್ತು ರಾತ್ರಿಗೆ ಹತ್ತು. ಸಂಘದ ವಿಳಾಸ ಅವರೇ ಬರೆದಿದ್ದಾರೆ. ಎಲ್ಲಿ ಉಳಿಯುತ್ತೇವೋ ಅಲ್ಲಿಯ ಅಂಚೆ ಮುದ್ರೆ ಬಿದ್ದು ಕಾರ್ಡು ಬರಬೇಕು. ಮುದ್ರೆಗೆ ಅವರು ಶಿಕ್ಕಾ ಎನ್ನುತ್ತಾರೆ.

"ಈಗ ಎಲ್ಲಾರ ಕಡೆ ಮೊಬೈಲ್ ಅದಾವಲ್ರಿ," ಎಂದೆ.

"ಮೊಬೈಲಿನ್ಯಾಗ ಎಲ್ಲಿಂದ ಬೇಕಾದ್ರೂ ಎಲ್ಲಿ ಬೇಕಾದ್ರೂ ಅದೇನಿ ಅನ್ನಬಹುದ್ರಿ ಬಾಯಾರ. ನಮ್ಮ ಕಾಲದಾಗ ಒಬ್ಬಾಂವ ಗೋವಾಕ್ಕ ಹೋಗಿ ಬಂದೆ ಅಂತ ಹಾರ ಹಾಕಿಸ್ಕೊಂಡ. ಹದಿನೈದು ದಿನ ಗೋಕಾಕದಾಗ ಮಾವನ ಮನ್ಯಾಗ ಹೋಳಿಗಿ ಉಂಡು ಬಂದಿದ್ದ. ಶಿಕ್ಕಾ ಇಲ್ಲಂದ್ರ ಇಲ್ಲ. ನಡುವ ರವಿವಾರ ಬಂದ್ರ ಒಂದು ದಿನ ಮಾಫಿ, ಅಷ್ಟ."

"ರಂಜನಾನ ಕಾರ್ಡು ಬಂದೂವೇನ್ರಿ?"

"ಆಲಮಟ್ಟಿದು ಬಂತು. ಮೊದಲನೇ ರಾತ್ರೀದು ಇನ್ನೂ ಬಂದಿಲ್ಲ. ಬೀಳಗಿ ಶಿಕ್ಕಾ ಇರಬೇಕದಕ್ಕ. ಬರ್ತೈತಿ."

ಬಾರದಿರಲಿ ಎಂದು ಮನಸ್ಸು ಅಂದಿತು. ಕಾರ್ಡುಗಳನ್ನು ಎಣಿಸಿ ಚೀಲಕ್ಕಿಟ್ಟೆ.

9 ಡಿಸೆಂಬರ್, ಶನಿವಾರ. ಮುಧೋಳ, ಬೆಳಿಗ್ಗೆ ಎಂಟೂವರೆ

ಮೊದಲ ದಿನ. ಆರಕ್ಕೆ ಹೊರಟೆ. ಬೀಳ್ಕೊಡಲು ಗೌರೀಶ ಒಬ್ಬನೇ ಇದ್ದ, ನಿದ್ದೆಗಣ್ಣಿನಲ್ಲಿ. ಹಾರ ಇರಲಿಲ್ಲ. ಬೇಡವೆಂದು ನಾನೇ ಹೇಳಿದ್ದೆ. ಆದರೂ ಸಂಘದ ಮುಂದೆ ಹಾಯುವಾಗ ಬಾಗಿಲ ಕಡೆ ನೋಡಿದೆ.

ಗೇರ್ ಸೈಕಲ್ ಹಗುರಾಗಿ ಓಡುತ್ತಿದೆ. ರಂಜನಾಳದು ಹಳೆಯ ರೇಸಿಂಗ್ ಸೈಕಲ್, ಮೂರು ಕಡೆ ಬೆಸುಗೆ ಹಾಕಿಸಿದ್ದು. ಇದು ನೆನಪಾದಾಗ ಸಮಾಧಾನವಾಗಬೇಕಿತ್ತು. ಆ ಸೈಕಲ್ ಮೇಲೆ ಆಕೆ ಆಲಮಟ್ಟಿ ದಾಟಿದ್ದಾಳೆ ಎಂಬುದು ಅದರ ಬೆನ್ನಿಗೇ ನೆನಪಾಯಿತು.

ಊರ ಹೊರಗೆ ಶಂಕ್ರೆವ್ವ ಎಂಬವರ ಚಹಾದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸೈಕಲ್ ನಿಲ್ಲಿಸುವಷ್ಟರಲ್ಲಿ ಆ ಹೆಂಗಸು ಸೌಟು ಹಿಡಿದುಕೊಂಡೇ ಹೊರಬಂದಳು.

"ಅಯ್ಯ, ನೀವೂ ಸೈಕಲ್ ಮ್ಯಾಲೇನ್ರಿ? ಮೊನ್ನಿ ಒಬ್ಬಾಕಿ ಹಿಂಗ ಬಂದಿದ್ಲು. ಆಕಿ ತಾಯೇನ್ರಿ ನೀವು?"

"ಅಲ್ಲ."

"ಮಗಳ್ನ ಹುಡಿಕ್ಕೊಂಡು ಹೊಂಟೀರಿ ಅಂತ ತಿಳಿದೆ. ಸಿಟ್ಟು ಮಾಡಿಕೋಬ್ಯಾಡ್ರಿ. ಭಾಳ ನಗಸ್ತಾಳ ಆ ಹುಡುಗಿ. ಚಹಾದ ರೊಕ್ಕಾನೂ ನಾ ತಗೊಳ್ಳಿಲ್ಲ."

ನನ್ನಿಂದ ನಾಲ್ಕು ರೂಪಾಯಿ ತೆಗೆದುಕೊಂಡಳು. ನಾನು ಐದು ಕೊಟ್ಟು ಚಿಲ್ಲರೆ ಬೇಡವೆಂದೆ. ಯಾಕೆ ಹಾಗೆ ಮಾಡಿದೆನೋ.

ಅದೇ ದಿನ. ಬಾಡಗಂಡಿ ದಾಟಿ, ಮಧ್ಯಾಹ್ನ ಮೂರು ಗಂಟೆ

ಸೈಕಲ್ ನಿಲ್ಲಿಸಿ ಕೂತಿದ್ದೇನೆ. ಬೇವಿನ ಗಿಡದ ನೆರಳಿದೆ. ಬೀಳಗಿಯಲ್ಲಿ ಊಟ ಮಾಡಿದೆ. ಖಾನಾವಳಿಯವನೂ ಆಕೆಯನ್ನು ಕಂಡಿದ್ದ. ಆಕೆ ಐದು ರೊಟ್ಟಿ ಉಂಡಳಂತೆ. ನಾನು ಎರಡಕ್ಕೇ ಕೈ ತೊಳೆದದ್ದನ್ನು ನೋಡಿ, "ಅಷ್ಟ ಸಾಕೇನ್ರಿ? ಸೈಕಲ್ ಹೊಡಿಯಾವರು ನೀವು" ಎಂದ. ಸೈಕಲ್ ಮೇಲೆ ಹೋಗುವ ಹೆಂಗಸಿಗೆ ಈ ರಸ್ತೆಯಲ್ಲಿ ಒಂದು ಅಳತೆ ಸಿದ್ಧವಾಗಿಬಿಟ್ಟಿದೆ. ನಾನು ಪ್ರತಿ ಊರಿನಲ್ಲೂ ಅದಕ್ಕೆ ಕಡಿಮೆ ಬೀಳುತ್ತಿದ್ದೇನೆ.

ಕಾರ್ಖಾನೆಯ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೂ ಎರಡೆರಡು ಟ್ರೇಲರ್, ಎರಡೂ ಕಡೆ ಚಾಚಿಕೊಂಡ ಕಬ್ಬು, ಕಿವಿ ಹರಿಯುವ ಹಾಡು. ಹಿಂದಿನ ಟ್ರೇಲರ್ ಹಾವಿನ ಬಾಲದಂತೆ ತಾನೇ ಬೇರೆ ದಿಕ್ಕಿಗೆ ಎಳೆಯುತ್ತದೆ. ಎರಡು ಕಿಲೋಮೀಟರಿನ ಆ ಸಾಲನ್ನು ದಾಟಿದೆ. ಇದನ್ನು ಆಕೆ ಹೇಗೆ ದಾಟಿದಳೋ. ನಗುತ್ತಲೇ ದಾಟಿರಬೇಕು.

ಅದೇ ದಿನ, ಸಂಜೆ ಆರು

ಅನಗವಾಡಿಗಿಂತ ಈಚೆ, ಮುಳುಗಡೆಯವರಿಗೆ ಕಟ್ಟಿಕೊಟ್ಟ ಊರು. ಹಳೆಯ ಊರು ಹಿನ್ನೀರಿನ ಕೆಳಗಿದೆ. ಆರು ವರ್ಷವಾಗಿದ್ದರೂ ಗಿಡಗಳು ಇನ್ನೂ ಮನೆಗಿಂತ ಗಿಡ್ಡ. ರಂಜನಾ ಉಳಿದ ಮನೆಯಲ್ಲೇ ನಾನೂ ಉಳಿದಿದ್ದೇನೆ. ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಸೈಕಲ್ ಕಂಡದ್ದೇ ಜನ ಕೈ ಹಿಡಿದು ಇಲ್ಲಿಗೇ ತಂದು ಬಿಟ್ಟರು.

ಮನೆಯಾಕೆ ಸೋಮವ್ವ. ಗಂಡ ಅಪ್ಪಾಸಾಬ, ಎಪ್ಪತ್ತರ ಸಮೀಪ. ಹಳೆಯ ಊರಿನಲ್ಲಿ ಟಪಾಲು ಹಂಚುತ್ತಿದ್ದವರು. ನನಗೆ ಕುರ್ಚಿ ಹಾಕಿಕೊಟ್ಟರು. ಸ್ಟೀಲಿನ ತಟ್ಟೆ, ಅದರಲ್ಲಿ ನಾಲ್ಕು ಬಿಸ್ಕಿಟು.

"ನೆಲಾ ತಂಪೈತ್ರಿ ಬಾಯಾರ, ಮ್ಯಾಲ ಕುಂಡ್ರಿ," ಎಂದಳು ಸೋಮವ್ವ. "ಆ ಹುಡುಗಿ ಎಲ್ಲಿ ಕೇಳತಾಳ, ಸೀದಾ ಒಲಿ ಮುಂದ ಬಂದು ಕುಂತ್ಲು. ರೊಟ್ಟಿ ಬಡಿತೇನಿ ಅಂತ ಹಟಾ. ಎರಡು ಸುಟ್ಟು ಕರಕ ಮಾಡಿಟ್ಲು."

"ನನಗೂ ರೊಟ್ಟಿ ಬರ್ತಾವ್ರಿ," ಎಂದೆ.

"ಇರ್ಲಿ ಬಿಡ್ರಿ, ನೀವು ದಣದೀರಿ. ಆಕಿ ನಮ್ಮಾಕಿ. ನಮ್ಮ ಬೀರಪ್ಪನ ಒಕ್ಕಲು."

ನಲವತ್ನಾಲ್ಕು ವರ್ಷದಲ್ಲಿ ಕುರ್ಚಿಯ ಮೇಲೆ ಕೂತು ಇಷ್ಟು ಅವಮಾನವೆನಿಸಿದ್ದು ಇದೇ ಮೊದಲು. ಅವರು ಮರ್ಯಾದೆ ಕೊಟ್ಟರು. ಆಕೆಗೆ ಒಲೆಯ ಮುಂದೆ ಜಾಗ ಕೊಟ್ಟರು. ನನಗೆ ಎರಡನೆಯದು ಬೇಕಿತ್ತು.

ಕತ್ತಲಾಗುವ ಮುಂಚೆ ಕಾರ್ಡು ಹಾಕಿಬಿಡೋಣವೆಂದು ಎದ್ದೆ. ಊರಿನ ಬಾಯಿಯಲ್ಲೇ, ಕಲ್ಲುಕಂಬಕ್ಕೆ, ಕೆಂಪು ಅಂಚೆ ಡಬ್ಬಿ ಇದೆ. ಹೊಸ ಬಣ್ಣ ಮಿಂಚುತ್ತಿತ್ತು. ಕಾರ್ಡನ್ನು ಡಬ್ಬಿಯ ಬಾಯಿಗೆ ಇಡುವಷ್ಟರಲ್ಲಿ ಹಿಂದಿನಿಂದ ಅಪ್ಪಾಸಾಬರ ದನಿ.

"ಅದ್ರಾಗ ಹಾಕಬ್ಯಾಡ್ರಿ ಬಾಯಾರ. ಅದನ್ನ ತಗ್ಯಾಕ ಯಾರೂ ಬರಂಗಿಲ್ಲ."

ಊರು ಏಳುವಾಗ ಒಬ್ಬೊಬ್ಬರು ಒಂದೊಂದು ಹೇರಿಕೊಂಡು ಬಂದರಂತೆ: ಬಾಗಿಲು, ತೊಲೆ, ಒರಳು, ದೇವರ ಕಲ್ಲು. ಬೇವಿನ ಗಿಡಕ್ಕೆ ಜೋತುಬಿದ್ದಿದ್ದ ಈ ಡಬ್ಬಿಯನ್ನು ಯಾರೂ ಕೇಳಲಿಲ್ಲ. ಅಪ್ಪಾಸಾಬರು ಚಕ್ಕಡಿಯಲ್ಲಿ ಹಾಕಿಕೊಂಡು ಬಂದು ಇಲ್ಲಿ ನಿಲ್ಲಿಸಿದರು. ಹೊಸ ಊರಿಗೆ ಅಂಚೆ ಇನ್ನೂ ಮಂಜೂರಾಗಿಲ್ಲ. ಕಾಗದವಿದ್ದರೆ ಬೀಳಗಿಗೆ ಹೋಗುವವರ ಕೈಯಲ್ಲಿ ಕೊಡುತ್ತಾರೆ. ಇದು ಊರಿನ ಎಲ್ಲರಿಗೂ ಗೊತ್ತು.

"ಮತ್ತ ಬಣ್ಣಾ ಯಾಕ ಹಚ್ಚೀರಿ?"

"ಪ್ರತಿ ದೀಪಾವಳಿಗೆ ಹಚ್ಚತೇನ್ರಿ. ಡಬ್ಬಿ ಇಲ್ಲಂದ್ರ ಊರಂತ ಹೆಂಗ ಅನ್ನೂದು? ಬರೇ ಮನಿ ಸಾಲು ಕಂಡಂಗ ಕಾಣ್ತೈತಿ."

ಅವರು ಮೊಳೆಯೊಂದನ್ನು ತೂತಿಗೆ ಹಾಕಿ ತಿರುಗಿಸಿ ಬಾಗಿಲು ತೆರೆದು ತೋರಿಸಿದರು, ನೋಡ್ರಿ ಖಾಲಿ ಎಂದು. ಖಾಲಿ ಇರಲಿಲ್ಲ. ತಳದಲ್ಲಿ ಒಂದು ಕಾರ್ಡು. ಬಸಗೊಂಡಪ್ಪನವರ ಅಕ್ಷರದಲ್ಲಿ ಸಂಘದ ವಿಳಾಸ.

"ಅಯ್ಯ ಶಿವನ," ಎಂದರು ಅಪ್ಪಾಸಾಬ. "ಆ ಹುಡುಗೀದು. ನಸುಕಿನ್ಯಾಗ ಎದ್ದು ಹೋದ್ಲರಿ, ನಾವಿಬ್ಬರೂ ದನದ ಕಡೆ ಇದ್ವಿ. ನಾ ಬಣ್ಣಾ ಹಚ್ಚಿ ಆಕಿಗೆ ಮೋಸ ಮಾಡಿದಂಗ ಆತು." ಕಾರ್ಡನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟರು. "ನೀವು ಅದ ಊರಿನವರು. ನೀವ ಮುಟ್ಟಸ್ರಿ."

ಅದು ನನ್ನ ಚೀಲದಲ್ಲಿದೆ. ತೆರೆದ ಕಾರ್ಡು, ಓದಿದ್ದರಲ್ಲಿ ತಪ್ಪಿಲ್ಲ ಎಂದುಕೊಂಡೇ ಓದಿದೆ.

"ಮುಟ್ಟೇನ್ರಿ. ಎಲ್ಲಾ ಛಲೋ ಐತಿ. ಬಾಡಗಂಡಿ ಕಡೆ ಕಬ್ಬಿನ ಗಾಡಿಗೆ ಅಂಜಿ ಇಳಿದು ನಡೆದೆ. ಒಂದು ತಾಸು ದಂಡ ಆತು. ವಾಪಸ ಹೋಗಬೇಕು ಅನಿಸಿತ್ತು. ಇದನ್ನ ಅಪ್ಪಗ ಹೇಳಬ್ಯಾಡ್ರಿ. ರಂಜನಾ."

ನನ್ನ ಹೆಸರನ್ನು ಹುಡುಕಿದೆ. ಇರಲಿಲ್ಲ. ನಕಾಶೆ ಯಾರದೆಂಬ ಮಾತೂ ಇರಲಿಲ್ಲ. ಮೊದಲು ಆದದ್ದು ಆ ನೋವು. ಆಮೇಲೆ, ಆಕೆ ಇಳಿದು ನಡೆದಳು ಎಂದು ಗೊತ್ತಾದ ಸಂತೋಷ. ಆಮೇಲೆ ಮಧ್ಯಾಹ್ನ ಇಲ್ಲಿ ಬರೆದದ್ದನ್ನು ತಿರುವಿ ನೋಡಿದೆ. ಸಾಲನ್ನು ದಾಟಿದೆ ಎಂದು ಬರೆದಿದ್ದೇನೆ. ನಡೆದು ದಾಟಿದೆ. ನಡುವೆ ಒಂದು ಸಲ ಸೈಕಲ್ ಅನ್ನು ಗಟಾರಿಗೆ ಇಳಿಸಿ ಕಣ್ಣು ಮುಚ್ಚಿ ನಿಂತಿದ್ದೆ. ನನ್ನ ಹೊರತು ಯಾರೂ ಓದದ ಪುಸ್ತಕದಲ್ಲಿ ಇಷ್ಟು ಮುಚ್ಚಿಟ್ಟಿದ್ದೆ. ಆಕೆ ಮೂವತ್ತು ಜನ ಓದುವ ಕಾರ್ಡಿನಲ್ಲಿ ಬರೆದಿದ್ದಾಳೆ.

ಈಗ ಲೆಕ್ಕ ಸರಳ. ಈ ಕಾರ್ಡು ಹೋಗದಿದ್ದರೆ ಆಕೆಯ ಸುತ್ತು ಸುತ್ತಲ್ಲ.

10 ಡಿಸೆಂಬರ್, ಭಾನುವಾರ. ಬೆಳಿಗ್ಗೆ

ಆರಕ್ಕೆ ಹೊರಡಬೇಕಿತ್ತು. ಏಳೂವರೆಯಾದರೂ ಹೊರಟಿಲ್ಲ. ಕಾಲು ನೋಯುತ್ತಿವೆ ಎಂದು ಸೋಮವ್ವನಿಗೆ ಹೇಳಿದೆ. ನೋಯುತ್ತಿರುವುದು ಹೌದು.

ಗೌರೀಶನಿಗೆ ಫೋನ್ ಮಾಡಿದೆ. ಕೆರೆಯ ಏರಿಯ ಮೇಲೆ ನಿಂತರೆ ಮಾತ್ರ ಸಿಗ್ನಲ್. ಡಬ್ಬಿಯ ಕಥೆ ಹೇಳಿದೆ. ಆತ ನಕ್ಕ.

"ಕಾರ್ಡು ತಗೊಂಡು ನಿನ್ನ ಹಾದಿ ಹಿಡಿ. ತಿರುಗಿ ಬಂದ ಮ್ಯಾಲ ಆಕಿ ಕೈಯಾಗ ಕೊಡು. ಕದ್ದಂಗೂ ಆಗೂದಿಲ್ಲ, ಹರದಂಗೂ ಆಗೂದಿಲ್ಲ. ತಪ್ಪೇನೈತಿ ಅದ್ರಾಗ?"

ಇಡೀ ರಾತ್ರಿ ನಾನೂ ಇದನ್ನೇ ಯೋಚಿಸಿದ್ದೆ, ಇಷ್ಟೇ ಅಚ್ಚುಕಟ್ಟಾಗಿ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಬೇರೆಯಾಗಿತ್ತು.

"ಆಕಿ ನನ್ನ ಕೇಳಿದ್ಲು," ಎಂದೆ.

"ಏನ ಕೇಳಿದ್ಲು?"

"ನೀವು ಹೋಗೂದಿದ್ರ ಬಿಡ್ತೇನಿ ಅಂದಿದ್ಲು. ಆಗಸ್ಟಿನ್ಯಾಗ. ನಾನ ಹೋಗು ಅಂದೆ."



"ಮತ್ತ ನಾಕು ತಿಂಗಳು ನಾ ಆ ಹುಡುಗೀನ ಬೈದದ್ದು?"

"ನಾ ಬೈಸಿದ್ದು."

"ಏನ ಹೆಣಮಗಳ ನೀ," ಎಂದ. ಸಿಟ್ಟಿನಿಂದಲೋ ಆಯಾಸದಿಂದಲೋ ತಿಳಿಯಲಿಲ್ಲ. "ಮತ್ತ ಹೆಂಗ ಮಾಡ್ತಿ?"

ನೋಡೂಣು ಎಂದು ಇಟ್ಟೆ.

ಭಾನುವಾರ, ಸಂಜೆ ನಾಲ್ಕು

ಕಾರ್ಡನ್ನು ಮುಂದಿನ ಯಾವ ಊರಿನಲ್ಲಾದರೂ ಹಾಕಬಹುದು. ಆದರೆ ಮುದ್ರೆ ಬೇರೆ ಊರಿನದಾಗುತ್ತದೆ. ಬಸಗೊಂಡಪ್ಪನವರು ಅದನ್ನು ಬೆರಳ ತುದಿಯಿಂದ ಮೇಜಿನಾಚೆ ತಳ್ಳುತ್ತಾರೆ. ಇಲ್ಲಿಯವರ ಕೈಗೆ ಕೊಟ್ಟು ಹೋಗಬಹುದು. ಬರೀ ಕಾರ್ಡು ಹೋದರೆ ಬೀಳಗಿಯ ಶಿಕ್ಕಾ ಇರುತ್ತದೆ, ತಾರೀಖು ಮಾತ್ರ ಐದು ದಿನ ತಡ. ಗೋಕಾಕದ ಮಾವನ ಮನೆಯ ಕಥೆ ಮತ್ತೆ ಶುರುವಾಗುತ್ತದೆ, ಈ ಸಲ ರಂಜನಾಳ ಹೆಸರಿನಲ್ಲಿ. ಯಾಕೆ ತಡವಾಯಿತೆಂದು ಯಾರಾದರೂ ಹೇಳಬೇಕು. ನಮ್ಮೂರಿನವರಲ್ಲಿ ನೋಡಿದವಳು ನಾನೊಬ್ಬಳೇ. ಮತ್ತು ಆಕೆಯ ಹೆಸರು ಆ ಹಲಗೆಯ ಮೇಲೆ ಬಾರದಿರಲಿ ಎಂದು ಬಯಸುವವಳೂ ನಾನೊಬ್ಬಳೇ. ಅದಕ್ಕೇ ನನ್ನ ಸಾಕ್ಷಿಯನ್ನು ಯಾರೂ ತಳ್ಳಿಹಾಕಲಾರರು. ಈ ಯೋಚನೆ ಬಂದಾಗ ನಗು ಬಂತು. ಸೋಮವ್ವ ಹಿಟ್ಟಿನ ಕೈಯಿಂದ ಕೂದಲು ಸರಿಸಿಕೊಂಡು ಯಾಕ ನಗಾಕತ್ತೀರಿ ಅಂದಳು. ಏನಿಲ್ಲ ಅಂದೆ.

ಕಾರ್ಡಿನಲ್ಲಿ ಜಾಗ ಕಡಿಮೆ ಇತ್ತು. ರಂಜನಾಳ ಸಹಿಯ ಕೆಳಗೆ ಸಣ್ಣಕ್ಷರದಲ್ಲಿ ಬರೆದೆ:

"ಈ ಕಾರ್ಡು ಡಿಸೆಂಬರ್ ಆರರ ನಸುಕಿಗೇ ಇಲ್ಲಿಯ ಡಬ್ಬಿಗೆ ಬಿದ್ದಿದೆ. ಡಬ್ಬಿ ಹಳೆಯ ಊರಿನದು, ಅಂಚೆಯವರು ತೆಗೆಯುವುದಿಲ್ಲ. ಪರವೂರಿನವರಿಗೆ ಇದು ತಿಳಿಯುವ ದಾರಿಯಿಲ್ಲ. ನಾನೂ ಹಾಕುತ್ತಿದ್ದೆ. ಒಂಬತ್ತರ ಸಂಜೆ ನನ್ನ ಕಣ್ಣೆದುರು ತೆಗೆದದ್ದು. ರಾಜಶ್ರೀ."

ಅಪ್ಪಾಸಾಬರು ಕನ್ನಡಕ ತರಿಸಿಕೊಂಡು, ಎರಡು ಸಲ ಓದಿ, ಪಕ್ಕದಲ್ಲಿ ಸಹಿ ಮಾಡಿದರು. ಟಪಾಲಿನವರ ಸಹಿ, ಗುಂಡಗೆ, ಕೆಳಗೆ ಎರಡು ಗೆರೆ. ಇವತ್ತು ಅಂಚೆಗೆ ರಜೆ. ನಾಳೆ ಅವರೂ ನನ್ನ ಜೊತೆ ಬೀಳಗಿಗೆ ಬರುತ್ತಾರೆ. ಅಲ್ಲಿಯವರಿಗೆ ಅವರ ಗುರುತಿದೆ.

"ನಾ ಒಬ್ಬಾಂವನ ಹೋಗಿ ಹಾಕಿ ಬರ್ತೇನ್ರಿ ಬಾಯಾರ. ನೀವು ಯಾಕ ಹಿಂದ ಬರ್ತೀರಿ, ನಿಮ್ಮ ದಿನಾ ಹಾಳಾಗ್ತೈತಿ."

"ಶಿಕ್ಕಾ ಬೀಳೂದನ್ನ ನಾ ನೋಡಬೇಕ್ರಿ," ಎಂದೆ.

ಅವರು ಅದನ್ನು ಒಳ್ಳೆಯತನವೆಂದು ತಿಳಿದರು. ಅಲ್ಲ. ಈ ಕಾರ್ಡು ನನ್ನ ಚೀಲದಲ್ಲಿ ಇನ್ನೊಂದು ದಿನ ಹೆಚ್ಚು ಇದ್ದರೆ ಗೌರೀಶನ ಮಾತು ಮತ್ತೆ ಸರಿಯೆನಿಸುತ್ತದೆ. ಇನ್ನೊಬ್ಬರ ಕೈಗೆ ಕೊಟ್ಟರೆ, ಅದು ದಾರಿಯಲ್ಲಿ ಕಳೆಯಲಿ ಎಂದು ಬಯಸುತ್ತಾ ಆಲಮಟ್ಟಿಯವರೆಗೆ ಸೈಕಲ್ ತುಳಿಯುತ್ತೇನೆ.

ಇವತ್ತಿನದು, ನಾಳೆಯದು, ಎರಡು ದಿನ ಹೋಯಿತು. ರಜೆಯಲ್ಲಿ ಹೆಚ್ಚಿಗೆ ಇದ್ದದ್ದು ಒಂದೇ ದಿನ. ಹಿಡಕಲ್ ಬಿಡಬೇಕಾಗುತ್ತದೆ. ನಾಲ್ಕು ಅಣೆಕಟ್ಟಿಗೆ ಹಲಗೆಯ ಮೇಲೆ ಜಾಗವಿಲ್ಲ. ಉಳಿದ ಒಂಬತ್ತು ಕಾರ್ಡುಗಳಲ್ಲಿ ಒಂದನ್ನು ಗೌರೀಶನಿಗೆ ಬರೆಯಬೇಕು.

ಬಸಗೊಂಡಪ್ಪನವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೆ ನಾನೇ ಅವರ ಮುಂದೆ ಕೂತು ಜಗಳವಾಡಬೇಕು, ಆಕೆಯ ಪರವಾಗಿ, ಆ ಹಳದಿ ಬಣ್ಣಕ್ಕಾಗಿ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ. ಅಪ್ಪನಿಗೆ ಹೇಳಬೇಡಿ ಎಂಬ ಸಾಲನ್ನು ಅಳಿಸಲೇ ಎಂದು ಒಂದು ಸಲ ಯೋಚಿಸಿದೆ, ಆಕೆಯ ಮರ್ಯಾದೆಗಾಗಿ. ಬಿಟ್ಟೆ. ಅದು ಆಕೆಯ ಕಾರ್ಡು.

ಒಲೆಯ ಹೊಗೆಗೆ ಕಣ್ಣು ಉರಿಯುತ್ತಿವೆ, ಅಕ್ಷರ ಕಾಣುತ್ತಿಲ್ಲ. ನಾನು ಬಡಿದ ಮೊದಲನೆಯ ರೊಟ್ಟಿ ಹರಿಯಿತು. ಸೋಮವ್ವ ಅದನ್ನು ಎಮ್ಮೆಗೆ ಹಾಕಿದಳು.

ಅಂಚೆ ಕಚೇರಿ ತೆರೆಯುವುದು ಒಂಬತ್ತಕ್ಕೆ. ಬಸ್ಸು ಎಂಟಕ್ಕೆ. ಸೈಕಲ್ ಇಲ್ಲೇ ಇರುತ್ತದೆ.

ಬೀಳಗಿ, ಸೋಮವಾರ, 11 ಡಿಸೆಂಬರ್ 2006. ಶಿಕ್ಕಾ ಬಿತ್ತು.